ಆಳಂದದ ಬಸ್ಸು ಮತ್ತು ಎರಡನೇ ಕೌಂಟರ್: ಕಲಬುರಗಿಯ ಒಂದು ತರಗತಿಯ ಪ್ರಕರಣ ಅಧ್ಯಯನ

ಕಲಬುರಗಿಯ ಒಂದು ಕಾಲೇಜಿನಲ್ಲಿ ಆಸ್ಪತ್ರೆ ಆಡಳಿತ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಾರ್ಯವಿಧಾನ ಸುಧಾರಣೆ ಅಂತ ಒಂದು ಪತ್ರಿಕೆ ಇದೆ. ಪುಸ್ತಕದಲ್ಲಿ ಅದು ಸಲೀಸು. ಕೆಲಸದ ಹರಿವಿನ ನಕ್ಷೆ ಬರೆಯಬೇಕು, ಎಲ್ಲಿ ಕಟ್ಟಿಕೊಂಡಿದೆ ನೋಡಬೇಕು, ಬಿಡಿಸಬೇಕು. ಪರೀಕ್ಷೆಯಲ್ಲಿ ಬಹುತೇಕ ಎಲ್ಲರೂ ಇದನ್ನು ಚೆನ್ನಾಗಿಯೇ ಬರೆಯುತ್ತಾರೆ. ಅದೇ ಹುಡುಗರನ್ನು ಸೋಮವಾರ ಬೆಳಿಗ್ಗೆ ಒಂದು ಒಪಿಡಿಯ (ಹೊರರೋಗಿ ವಿಭಾಗದ) ಮುಂದೆ ನಿಲ್ಲಿಸಿ ‘ಈ ಗದ್ದಲಕ್ಕೆ ಏನು ಮಾಡೋಣ’ ಎಂದು ಕೇಳಿದರೆ ಬರುವ ಉತ್ತರ ಒಂದೇ: ಚೀಟಿ ಮಾಡಿಸುವಲ್ಲಿ ಇನ್ನೊಂದು ಕೌಂಟರ್ ತೆರೆಯಬೇಕು.

ಉತ್ತರ ಹುಚ್ಚುತನದ್ದೇನೂ ಅಲ್ಲ. ಪಾಳಿ, ಅಂದರೆ ಕಾಯುವವರ ಸಾಲು, ಕಣ್ಣಿಗೆ ಕಾಣುವುದು ಕೌಂಟರಿನ ಮುಂದೆಯೇ. ಈ ಉತ್ತರ ಯಾಕೆ ಸಾಲದು ಎಂದು ಬೋರ್ಡಿನ ಮೇಲೆ ಬರೆದು ತೋರಿಸಬಹುದು. ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ಹಾಗಾಗಿ ಬೋರ್ಡು ಬಿಟ್ಟು ಆ ಒಪಿಡಿಯನ್ನೇ ತರಗತಿಯಲ್ಲಿ ಆಡಿಸಿದೆವು. ಕಂಪ್ಯೂಟರ್ ಆಮೇಲೆ ಬಂತು. ಮೊದಲು ಮೇಜು, ಕುರ್ಚಿ, ರಟ್ಟಿನ ಚೀಟಿ, ಒಂದು ಗಡಿಯಾರ, ಇಷ್ಟೇ.

ಪ್ರಕರಣದ ಹಿನ್ನೆಲೆ

ಆಸ್ಪತ್ರೆಗೆ ಇಲ್ಲಿ ಹೆಸರು ಬೇಡ. ವಿಭಾಗೀಯ ಕೇಂದ್ರವಾದ ಈ ಊರಿನ ದವಾಖಾನೆಗಳಿಗೆ ಆಳಂದ, ಜೇವರ್ಗಿ, ಅಫಜಲಪುರ, ಸೇಡಂ, ಚಿಂಚೋಳಿಗಳ ಜನರಷ್ಟೇ ಅಲ್ಲ, ಯಾದಗಿರಿ, ಬೀದರ್ ಕಡೆಯವರೂ ಬರುತ್ತಾರೆ. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಒಂದೇ ವರಾಂಡಾದಲ್ಲಿ ಕೇಳಿಸುತ್ತವೆ. ಆಟಕ್ಕೆ ನಾವು ಅಂಕಿಗಳನ್ನು ದುಂಡಗೆ ಮಾಡಿಕೊಂಡೆವು. ಇವು ಯಾವ ಆಸ್ಪತ್ರೆಯ ದಾಖಲೆಯಿಂದ ತೆಗೆದವೂ ಅಲ್ಲ. ಓದುಗರು ಬೇಕಿದ್ದರೆ ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಲಿ ಎಂದೇ ಪೂರ್ತಿ ಕೊಡುತ್ತಿದ್ದೇನೆ.

ಒಪಿಡಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಅಂದರೆ 240 ನಿಮಿಷ. ರೋಗಿಗಳು 100. ನೋಂದಣಿ ಕೌಂಟರ್ ಒಂದು, ಒಂದು ಚೀಟಿಗೆ 2 ನಿಮಿಷ. ವೈದ್ಯರು ಇಬ್ಬರು, ಒಬ್ಬ ರೋಗಿಗೆ 4 ನಿಮಿಷ. ಕೌಂಟರಿನ ಕೆಲಸ 240 ನಿಮಿಷದಲ್ಲಿ 200 ನಿಮಿಷ, ಇಬ್ಬರು ವೈದ್ಯರ ಕೆಲಸ 480ರಲ್ಲಿ 400 ನಿಮಿಷ. ಎರಡೂ ಕಡೆ ಹೊರೆ ಶೇಕಡಾ 83. ಯಾವ ಆಡಳಿತಾಧಿಕಾರಿಗೆ ತೋರಿಸಿದರೂ ‘ಚೆನ್ನಾಗಿದೆಯಲ್ಲ, ಸ್ವಲ್ಪ ಬಿಡುವೂ ಇದೆ’ ಎನ್ನುವ ಅಂಕಿ.

ಆಟದ ಒಂದು ನಿಮಿಷಕ್ಕೆ ಗಡಿಯಾರದ 10 ಸೆಕೆಂಡು. ನಾಲ್ಕು ಗಂಟೆಯ ಒಪಿಡಿ 40 ನಿಮಿಷದಲ್ಲಿ ಮುಗಿಯುತ್ತದೆ. ಪ್ರತಿ ರೋಗಿಗೆ ಒಂದು ರಟ್ಟಿನ ಚೀಟಿ. ಬಂದ ಹೊತ್ತು, ಚೀಟಿ ಆದ ಹೊತ್ತು, ವೈದ್ಯರು ನೋಡಿ ಬಿಟ್ಟ ಹೊತ್ತು ಅದರ ಮೇಲೆ ಬರೆಯಬೇಕು. ಒಂದು ಚೀಟಿಯನ್ನು ಮಾತ್ರ ನಿಜವಾದ ವಿದ್ಯಾರ್ಥಿಯೇ ಕೈಯಲ್ಲಿ ಹಿಡಿದು ಸಾಲಿನಲ್ಲಿ ಇರಬೇಕು. ಮೊಬೈಲ್ ಇಲ್ಲ, ಮಾತಿಲ್ಲ, ಕಾಯುವುದೊಂದೇ ಕೆಲಸ. ಈ ಪಾತ್ರ ಯಾರಿಗೂ ಬೇಡವಾಗಿತ್ತು, ಕೊನೆಗೆ ಚೀಟಿ ಎತ್ತಿದೆವು.

ಒಬ್ಬೊಬ್ಬರಾಗಿ ಬಂದಾಗ, ಬಸ್ಸಿನಲ್ಲಿ ಬಂದಾಗ

ಮೊದಲ ಸುತ್ತಿನಲ್ಲಿ ಬೇಕೆಂದೇ ಪುಸ್ತಕದ ಲೋಕವನ್ನು ಇಟ್ಟೆವು. 240 ನಿಮಿಷಕ್ಕೆ 100 ಮಂದಿ, ಅಂದರೆ 2 ನಿಮಿಷ 24 ಸೆಕೆಂಡಿಗೆ ಒಬ್ಬರು. ಕೌಂಟರಿಗೆ 2 ನಿಮಿಷ ಸಾಕು. ಹೀಗಾಗಿ ಯಾರೂ ಕಾಯಲೇ ಇಲ್ಲ. ಪ್ರತಿಯೊಬ್ಬರೂ 6 ನಿಮಿಷದಲ್ಲಿ ಹೊರಗೆ. ತರಗತಿ ನಕ್ಕಿತು. ಆಳಂದದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ ನಗಲಿಲ್ಲ.

‘ಸರ್, ಮಂದಿ ಹಿಂಗ ಒಬ್ಬೊಬ್ಬರೇ ಎಲ್ಲಿ ಬರ್ತಾರ್ರಿ? ಬಸ್ಸಿಗಿ ಬರ್ತಾರ. ನಿಮ್ಮ ಆಟದಾಗ ಬಸ್ಸೇ ಇಲ್ಲಲ್ರಿ.’

ಈ ಮಾತಿಗಾಗಿಯೇ ಕಾಯುತ್ತಿದ್ದೆ. ಪಾಳಿಯ ಗಣಿತ ಶುರುವಾದದ್ದು ಟೆಲಿಫೋನಿನಿಂದ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಅಗ್ನರ್ ಎರ್ಲಾಂಗ್ 1909ರಲ್ಲಿ ಬರೆದ ಲೇಖನದಲ್ಲಿ ಕರೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದು ಹಿಡಿದಿದ್ದ. ಟೆಲಿಫೋನಿಗೆ ಅದು ಸರಿ. ಇಂಥ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸುವ ಹೆಚ್ಚಿನ ಸಿಮ್ಯುಲೇಷನ್ ತಂತ್ರಾಂಶಗಳು ಇವತ್ತಿಗೂ, ನೀವು ಬೇರೆ ಹೇಳದಿದ್ದರೆ, ರೋಗಿಗಳನ್ನೂ ಹಾಗೆಯೇ ಬರಿಸುತ್ತವೆ. ಸುಮಾರು 40 ಕಿಲೋಮೀಟರ್ ದೂರದ ಆಳಂದದಿಂದ ಹೊರಟ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತು ಬಂದವರು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಹೊತ್ತಿಗೆ ಬಾಗಿಲು ತಟ್ಟುವುದಿಲ್ಲ. ಒಟ್ಟಿಗೆ ಇಳಿಯುತ್ತಾರೆ, ಆಟೋ ಹಂಚಿಕೊಳ್ಳುತ್ತಾರೆ, ಒಟ್ಟಿಗೆ ಪಾಳಿ ಹಚ್ಚುತ್ತಾರೆ.

ಎರಡನೇ ಸುತ್ತು: ಗಂಟೆಗೊಂದು ಬಸ್ಸು, 9, 10, 11, 12ಕ್ಕೆ, ಪ್ರತಿ ಬಸ್ಸಿಗೆ 25 ಮಂದಿ. ರೋಗಿಗಳು ಅದೇ 100, ಕೌಂಟರ್ ಅದೇ, ವೈದ್ಯರು ಅವರೇ. ಮೊದಲನೆಯವನಿಗೆ ಕಾಯುವುದೇ ಇಲ್ಲ, 25ನೆಯವನಿಗೆ ತನ್ನ ಸರದಿ ಬರಲು 48 ನಿಮಿಷ. ಸರಾಸರಿ 24. ಅಷ್ಟಾದರೂ ಪ್ರತಿ ಗಂಟೆಯ ಕೊನೆಗೆ ಕೌಂಟರಿನವನು 10 ನಿಮಿಷ ಖಾಲಿ ಕುಳಿತ. ಹೊರೆ ಹಿಂದಿನಂತೆಯೇ ಶೇಕಡಾ 83. ಕಾಯುವುದು ಸೊನ್ನೆಯಿಂದ 24 ನಿಮಿಷಕ್ಕೆ ಏರಿದ್ದು ಜನ ಹೆಚ್ಚಾದದ್ದರಿಂದಲ್ಲ, ಒಟ್ಟಿಗೆ ಬಂದದ್ದರಿಂದ.

ಈ ಸುತ್ತಿನಲ್ಲಿ ಇನ್ನೊಂದು ನಡೆಯಿತು, ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಗುಮಾಸ್ತನಾಗಿ ಕುಳಿತ ಹುಡುಗನ ಮೇಲೆ ಎಲ್ಲರೂ ಹರಿಹಾಯ್ದರು. ‘ಜಲ್ದಿ ಬರೀಯಪ್ಪಾ’, ‘ಏನ್ ನಿದ್ದಿ ಹೊಡ್ಯಾಕತ್ತೀ?’ ಮೊದಲ ಸುತ್ತಿನಲ್ಲಿ ಅವನೇ ಇದೇ 2 ನಿಮಿಷ ತೆಗೆದುಕೊಂಡಾಗ ಯಾರೂ ಅವನತ್ತ ನೋಡಿಯೂ ಇರಲಿಲ್ಲ. ಅಮೆರಿಕದ ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತನ್ನ ತರಬೇತಿಗಳಲ್ಲಿ ಕೆಂಪು ಮಣಿಗಳ ಒಂದು ಪ್ರಯೋಗ ಮಾಡಿಸುತ್ತಿದ್ದ. ಬಿಳಿ, ಕೆಂಪು ಮಣಿಗಳು ಬೆರೆತ ಡಬ್ಬಿಯಿಂದ ಕೆಲಸಗಾರ ಮಣಿ ಎತ್ತಬೇಕು, ಕೆಂಪು ಬಂದರೆ ಬೈಸಿಕೊಳ್ಳಬೇಕು. ಡಬ್ಬಿಯಲ್ಲಿ ಇರುವುದೇ ಬರುತ್ತದೆ, ಕೆಲಸಗಾರನ ಕೈಯಲ್ಲಿ ಏನೂ ಇಲ್ಲ. ನಮ್ಮ ಹುಡುಗ ಆ ಮಣಿಗಳ ಕಥೆಯನ್ನು ಮೊದಲೇ ಓದಿದ್ದ. ಬೈಸಿಕೊಂಡ ಮೇಲೆ ಅದು ಅವನಿಗೆ ಬೇರೆಯಾಗಿ ಕಂಡಿತಂತೆ.

ಎರಡನೇ ಕೌಂಟರ್

ಈಗ ಎಲ್ಲರೂ ಕೇಳಿದ್ದನ್ನು ಕೊಟ್ಟೆವು. ಇನ್ನೊಂದು ಮೇಜು, ಇನ್ನೊಬ್ಬ ಗುಮಾಸ್ತ. ಕೌಂಟರಿನ ಮುಂದಿನ ಪಾಳಿ ಕಣ್ಣೆದುರೇ ಕರಗಿತು. ಸರಾಸರಿ ಕಾಯುವಿಕೆ 24 ನಿಮಿಷದಿಂದ ಹನ್ನೊಂದೂವರೆಗೆ ಇಳಿಯಿತು. ಚಪ್ಪಾಳೆಯೂ ಬಿತ್ತು. ಆಗ 25ನೇ ಚೀಟಿ ಹಿಡಿದು ಕುಳಿತಿದ್ದವಳ ಹೊತ್ತನ್ನು ಜೋರಾಗಿ ಓದಿಸಿದೆವು.

ಒಂದೇ ಕೌಂಟರ್ ಇದ್ದಾಗ ಆಕೆಯ ಚೀಟಿ ಆದದ್ದು 50ನೇ ನಿಮಿಷಕ್ಕೆ, ವೈದ್ಯರು ನೋಡಿ ಬಿಟ್ಟದ್ದು 54ನೇ ನಿಮಿಷಕ್ಕೆ. ಎರಡು ಕೌಂಟರ್ ಆದ ಮೇಲೆ ಚೀಟಿ ಆದದ್ದು 26ನೇ ನಿಮಿಷಕ್ಕೆ, ವೈದ್ಯರು ನೋಡಿ ಬಿಟ್ಟದ್ದು 54ನೇ ನಿಮಿಷಕ್ಕೆ.

ಯಾರೋ ತಪ್ಪು ಬರೆದಿದ್ದಾರೆ ಎಂದು ಮತ್ತೊಮ್ಮೆ ಲೆಕ್ಕ ಹಾಕಿದರು. ತಪ್ಪಿರಲಿಲ್ಲ. ಇಬ್ಬರು ವೈದ್ಯರು ಸೇರಿ 2 ನಿಮಿಷಕ್ಕೊಬ್ಬರನ್ನು ನೋಡುತ್ತಾರೆ. ಒಂದು ಕೌಂಟರ್ ಕೂಡ 2 ನಿಮಿಷಕ್ಕೊಬ್ಬರನ್ನು ಕಳಿಸುತ್ತಿತ್ತು. ಎರಡನೆಯದು ಬಂದಾಗ ಜನ ವೈದ್ಯರ ಬಾಗಿಲಿಗೆ ಬೇಗ ತಲುಪಿ ಅಲ್ಲಿ ನಿಂತರು. ಇಡೀ ಬಸ್ಸಿನವರ ಸರಾಸರಿ ಒಟ್ಟು ಸಮಯ 30 ನಿಮಿಷ ಇದ್ದದ್ದು 29ಕ್ಕೆ ಬಂತು. ಒಂದು ಸಂಬಳಕ್ಕೆ ಒಂದು ನಿಮಿಷ. ನರ್ಸಿಂಗ್ ಮುಗಿಸಿ ಈ ಕೋರ್ಸಿಗೆ ಬಂದಿದ್ದ ವಿದ್ಯಾರ್ಥಿನಿ ಅಂದದ್ದು: ‘ಪಾಳಿ ಕಮ್ಮಿ ಆಗಿಲ್ರಿ, ಬರೇ ಜಾಗಾ ಬದಲಿ ಮಾಡ್ಯಾದ.’

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊಬೈಲಿನಲ್ಲೇ ಒಪಿಡಿ ಟೋಕನ್ ಪಡೆಯುವ ವ್ಯವಸ್ಥೆ ಈಗ ದೇಶದ ಹಲವು ಆಸ್ಪತ್ರೆಗಳಲ್ಲಿದೆ. ಒಂದು ಗುಂಪು ಅದನ್ನು ಮುಂದಿಟ್ಟಿತು. ಆಡಿಸಿದೆವು, ಫಲ ಹೆಚ್ಚುಕಡಿಮೆ ಎರಡನೇ ಕೌಂಟರಿನದೇ. ಚೀಟಿ ಎಷ್ಟು ಬೇಗ ಆದರೂ ವೈದ್ಯರ ಬಾಗಿಲು ಅಷ್ಟೇ ಅಗಲ. ಇಲ್ಲಿ ಒಂದು ಮಾತು ಸೇರಿಸಬೇಕು. ಕಿಟಕಿಯ ಮುಂದೆ ಮಂಡಿ ನೋವಿನ ಮುತ್ಯಾ ನಿಂತು ಕಾಯುವುದಕ್ಕೂ ವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಂತು ಕಾಯುವುದಕ್ಕೂ ವ್ಯತ್ಯಾಸ ಇದೆ, ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಇನ್ನೂ ಹೆಚ್ಚು. ನಿಮಿಷ ಮಾತ್ರ ಎಣಿಸುವ ಮಾದರಿಗೆ ಅದು ಕಾಣುವುದಿಲ್ಲ. ಹಾಗಾಗಿ ಕ್ಯೂಆರ್ ಬೇಡ ಎಂದು ನಾವು ಬರೆಯಲಿಲ್ಲ. ಅದರಿಂದ ಹೊತ್ತು ಉಳಿಯುತ್ತದೆ ಎಂದು ಹೇಳಬೇಡಿ ಎಂದು ಬರೆದೆವು.

ಯಾರೂ ಎಣಿಸದ ಎರಡನೇ ಭೇಟಿ

ಮಧ್ಯಾಹ್ನದ ಊಟದ ನಂತರ, ಮತ್ತೆ ಒಂದೇ ಕೌಂಟರ್ ಇಟ್ಟುಕೊಂಡು, ನಿಜವಾದ ಗಂಟಿಗೆ ಬಂದೆವು. ವೈದ್ಯರು ನೋಡಿದವರಲ್ಲಿ ಕೆಲವರಿಗೆ ರಗತ, ಮೂತ್ರ ತಪಾಸಣೆ ಬರೆಯುತ್ತಾರೆ. ರಿಪೋರ್ಟ್ ಬಂದ ಮೇಲೆ ಅವರು ಮತ್ತೆ ಅದೇ ವೈದ್ಯರ ಬಾಗಿಲಿಗೆ ಬರಬೇಕು. ನೋಂದಣಿ ಪುಸ್ತಕದಲ್ಲಿ ಅವರು ಒಂದೇ ಸಲ ಇದ್ದಾರೆ, ಬಾಗಿಲಿನಲ್ಲಿ ಎರಡು ಸಲ. ಆಟದಲ್ಲಿ 100ಕ್ಕೆ 40 ಮಂದಿ ಹೀಗೆ ತಿರುಗಿ ಬರುತ್ತಾರೆ ಎಂದು ಇಟ್ಟೆವು, ಒಬ್ಬರಿಗೆ 2 ನಿಮಿಷ. 80 ನಿಮಿಷದ ಹೊಸ ಕೆಲಸ. 400ಕ್ಕೆ 80 ಕೂಡಿದರೆ 480. ವೈದ್ಯರ ಹೊರೆ ಶೇಕಡಾ 83 ಎಂದು ಬೆಳಿಗ್ಗೆಯಿಂದ ನಂಬಿದ್ದು ಶೇಕಡಾ 100 ಆಗಿತ್ತು.

ಇದರ ಮೇಲೆ ಲ್ಯಾಬಿನ ರೂಢಿಯೊಂದನ್ನು ಹಾಕಿದೆವು: ರಿಪೋರ್ಟುಗಳೆಲ್ಲ 12 ಗಂಟೆಗೆ ಒಟ್ಟಿಗೇ ಬರುತ್ತವೆ. ಅಂದರೆ ಲ್ಯಾಬ್ ತಾನೇ ಇನ್ನೊಂದು ಬಸ್ಸು. ಮೊದಲ ಮೂರು ಬಸ್ಸಿನ 30 ರಿಪೋರ್ಟು ಮತ್ತು ನಾಲ್ಕನೇ ಬಸ್ಸಿನ 25 ಮಂದಿ ಒಂದೇ ಗಳಿಗೆಯಲ್ಲಿ ಬಾಗಿಲಿಗೆ ಬಂದರು. 60 ಮತ್ತು 100, ಒಟ್ಟು 160 ನಿಮಿಷದ ಕೆಲಸ, ಇಬ್ಬರಿಗೆ ಹಂಚಿದರೆ 80. ಒಂದು ಗಂಟೆಗೆ ಮುಗಿಯಬೇಕಾದ ಒಪಿಡಿ 1:20ಕ್ಕೆ ಮುಗಿಯಿತು. ಅದಕ್ಕೂ ಮೊದಲು ಮೂರು ಗಂಟೆಗಳಲ್ಲಿ ಒಂದೊಂದು ಗಂಟೆಗೂ ಇಬ್ಬರು ವೈದ್ಯರು ಸೇರಿ 20 ನಿಮಿಷ ಕೈಕಟ್ಟಿ ಕುಳಿತಿದ್ದರು. ಬೆಳಿಗ್ಗೆ 9ಕ್ಕೆ ಇಳಿದ ಆಳಂದದ ಹೆಂಗಸು 12ರ ತನಕ ರಿಪೋರ್ಟಿಗೆ ಕಾದದ್ದು ಬೇರೆ. ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಟಿಕೆಟ್ಟಿನ ಖರ್ಚಿಲ್ಲ, ಕೂಲಿ ಮಾತ್ರ ಹೋಗಿಯೇ ಹೋಗುತ್ತದೆ.

ಪರಿಹಾರ ವಿದ್ಯಾರ್ಥಿಗಳಿಂದಲೇ ಬಂತು. ಲ್ಯಾಬ್ 12ಕ್ಕೆ ಒಟ್ಟಿಗೆ ಕೊಡುವ ಬದಲು ಪ್ರತಿ ಗಂಟೆಯ 50ನೇ ನಿಮಿಷಕ್ಕೆ ಆಗಿದ್ದಷ್ಟನ್ನು ಕೊಡಲಿ. 10:50ಕ್ಕೆ ಮೊದಲ ಬಸ್ಸಿನ 10 ರಿಪೋರ್ಟು. ಒಬ್ಬ ವೈದ್ಯರು 10:52ಕ್ಕೆ, ಇನ್ನೊಬ್ಬರು 10:54ಕ್ಕೆ ಖಾಲಿಯಾಗುತ್ತಾರೆ. ಮುಂದಿನ ಬಸ್ಸಿನ ಮೊದಲಿಬ್ಬರು ಬಾಗಿಲಿಗೆ ಬರುವುದು 11:02 ಮತ್ತು 11:04ಕ್ಕೆ. ನಡುವಿನ ಬಿಡುವಿನಲ್ಲಿ ಒಬ್ಬರು 6, ಇನ್ನೊಬ್ಬರು 4 ರಿಪೋರ್ಟು ನೋಡಿದರು. ಹತ್ತಕ್ಕೆ ಹತ್ತೂ ಹಿಡಿದವು, ಒಂದು ನಿಮಿಷ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಯಾರನ್ನೂ ಹೊಸದಾಗಿ ನೇಮಿಸದೆ ಮೂರು ಬಸ್ಸಿನ ರಿಪೋರ್ಟುಗಳೂ 1:04ಕ್ಕೆ ಮುಗಿದವು. ನಾಲ್ಕನೇ ಬಸ್ಸಿನವರ ರಿಪೋರ್ಟು ಎರಡೂ ಲೆಕ್ಕದಲ್ಲಿ ಮಧ್ಯಾಹ್ನಕ್ಕೇ.

ಇಷ್ಟಕ್ಕೆ ನಿಲ್ಲಿಸಿದ್ದರೆ ಪಾಠ ಸುಳ್ಳಾಗುತ್ತಿತ್ತು. ಇಷ್ಟು ಬಿಗಿಯಾಗಿ ಕೂಡಿಕೊಳ್ಳುವುದು ನಿಮಿಷಗಳು ಕಲ್ಲಿನಂತೆ ಗಟ್ಟಿಯಾಗಿದ್ದಾಗ ಮಾತ್ರ. ಆದ್ದರಿಂದ ವೈದ್ಯರ 4 ನಿಮಿಷದ ಬದಲು ಏಳು ಚೀಟಿ ಇಟ್ಟೆವು: 2, 2, 3, 3, 4, 5, 9. ಸರಾಸರಿ ಆಗಲೂ 4. ಪ್ರತಿ ರೋಗಿಗೆ ಒಂದು ಚೀಟಿ ಎತ್ತಬೇಕು. 9 ಎಂದರೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು, ಮಗ ನೋಡಿಕೊಳ್ಳುತ್ತಿಲ್ಲ ಎಂಬ ದೂರು ಎಲ್ಲ ಒಟ್ಟಿಗೆ ತಂದ ಆಯಿ, ಅಥವಾ ತೆಲುಗು ಬಾರದ ವೈದ್ಯರ ಮುಂದೆ ತೆಲುಗು ಮಾತ್ರ ಬರುವ ಅಜ್ಜ. ಬೇಗ ಬೇಗ 2 ಬಂದಾಗ ಉಳಿದ ಹೊತ್ತನ್ನು ಎತ್ತಿಟ್ಟುಕೊಳ್ಳಲು ಬರುವುದಿಲ್ಲ, ಬಾಗಿಲಿನಲ್ಲಿ ಯಾರೂ ಇಲ್ಲದಿದ್ದರೆ ಅದು ಹೋಯಿತು. 9 ಬಂದಾಗ ಆದ ತಡ ಮಾತ್ರ ಹಿಂದಿನವರಿಗೆಲ್ಲ ಹರಿದು ಹೋಗುತ್ತದೆ. ಗುಂಪುಗಳೆಲ್ಲ ಬೇರೆ ಬೇರೆ ಹೊತ್ತಿಗೆ ಮುಗಿಸಿದವು. ಅದೃಷ್ಟದ ಚೀಟಿ ಎತ್ತಿದ ಒಂದು ಗುಂಪು ತಮ್ಮ ಯೋಜನೆಯೇ ಶ್ರೇಷ್ಠ ಎಂದು ವಾದಿಸಿತು. ಅದನ್ನೇ ಮತ್ತೊಮ್ಮೆ ಆಡಿಸಿದಾಗ ವಾದ ನಿಂತಿತು. ಒಂದು ಓಟದ ಫಲ ಪುರಾವೆಯಲ್ಲ ಎಂಬುದನ್ನು ಕಂಪ್ಯೂಟರಿನಲ್ಲಿ ಸಾವಿರ ಸಲ ಓಡಿಸಿ ತೋರಿಸುವುದು ಸುಲಭ. ಕೈಯಾರೆ ಎರಡು ಸಲ ಆಡಿದವರಿಗೆ ಆ ಸಾವಿರ ಯಾಕೆ ಬೇಕು ಎಂಬುದು ಮೊದಲೇ ಗೊತ್ತಿರುತ್ತದೆ.

ಪಾಳಿಯ ಅತಿ ಸರಳ ಮಾದರಿಯಲ್ಲಿ, ಸೇವೆ ಕೊಡುವವರು ಒಬ್ಬರೇ ಇದ್ದಾಗ, ಹೊರೆ ಶೇಕಡಾ 50 ಇದ್ದರೆ ಒಬ್ಬರನ್ನು ನೋಡಲು ಹಿಡಿಯುವಷ್ಟು ಹೊತ್ತು ಕಾಯಬೇಕಾಗುತ್ತದೆ. ಶೇಕಡಾ 83ಕ್ಕೆ ಅದರ ಐದು ಪಟ್ಟು, 90ಕ್ಕೆ ಒಂಬತ್ತು ಪಟ್ಟು, 95ಕ್ಕೆ ಹತ್ತೊಂಬತ್ತು ಪಟ್ಟು. 100ಕ್ಕೆ ಲೆಕ್ಕವೇ ಇಲ್ಲ. ವೈದ್ಯರ ಒಂದು ನಿಮಿಷವೂ ವ್ಯರ್ಥವಾಗಬಾರದು ಎನ್ನುವ ಆಡಳಿತಗಾರ ತನಗೆ ಗೊತ್ತಿಲ್ಲದೆಯೇ ರೋಗಿಯ ದಿನವನ್ನು ಅದಕ್ಕೆ ಬೆಲೆಯಾಗಿ ಕೊಡುತ್ತಾನೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಹೊರೆ ಇಳಿಸುವುದು ಎಲ್ಲಿ? ಚೀಟಿಗಳನ್ನು ಮೇಜಿನ ಮೇಲೆ ಹರಡಿ ಯಾರು ಯಾಕೆ ಬಂದಿದ್ದಾರೆ ನೋಡಿದರು. ಪ್ರತಿ 25ರಲ್ಲಿ 5 ಚೀಟಿಗಳ ಮೇಲೆ ‘ಬಿಪಿ, ಶುಗರ್ ಗುಳಿಗಿ ಮುಗಿದಾವ’ ಎಂದು ನಾವೇ ಬರೆದಿಟ್ಟಿದ್ದೆವು. ಈ ಐದು ಮಂದಿಗೆ ತಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲೂಕು ಆಸ್ಪತ್ರೆಯಲ್ಲೋ ತಿಂಗಳ ಗುಳಿಗೆ ಸಿಕ್ಕರೆ ಗಂಟೆಗೆ 20 ನಿಮಿಷ ಉಳಿಯುತ್ತದೆ. ಹೊರೆ ಮತ್ತೆ ಶೇಕಡಾ 83. ಕಲಬುರಗಿಯ ವರಾಂಡಾದ ಸಮಸ್ಯೆಗೆ ಮದ್ದು ಆಳಂದದಲ್ಲಿ ಇತ್ತು.

ನಿಗದಿತ ಹೊತ್ತಿನ ಅಪಾಯಿಂಟ್‌ಮೆಂಟ್ ಬಗ್ಗೆಯೂ ಮಾತು ಬಂತು. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ 1952ರಲ್ಲೇ ಆಸ್ಪತ್ರೆಯ ಹೊರರೋಗಿ ಪಾಳಿಯನ್ನು ಲೆಕ್ಕ ಹಾಕಿ, ಶುರುವಿಗೆ ಇಬ್ಬರನ್ನು ಕರೆದು ಆಮೇಲೆ ಸರಾಸರಿ ತಪಾಸಣೆಯ ಹೊತ್ತಿಗೊಬ್ಬರಂತೆ ಕರೆಯುವುದು ಒಳ್ಳೆಯದು ಎಂದಿದ್ದ. ಸೊಗಸಾದ ನಿಯಮ. ಬಸ್ಸಿನ ಹೊತ್ತು ರೋಗಿಯ ಕೈಯಲ್ಲಿ ಇಲ್ಲದ ಕಡೆ ಊರೊಳಗಿನವರಿಗಷ್ಟೇ ಉಪಯೋಗ.

‘ಸಾಹೇಬ್ರ ಕಡೆಯವರು’

ಸಂಜೆಯ ಹೊತ್ತಿಗೆ ಜೇವರ್ಗಿಯ ಹುಡುಗನೊಬ್ಬ ಒಂದು ಹೊಸ ಚೀಟಿ ಬರೆದು ತಂದ. ಮೇಲೆ ‘ಪರಿಚಯದವರು’ ಎಂದಿತ್ತು. ಈ ಚೀಟಿ ಹಿಡಿದವನು ಸಾಲಿನ ಹಿಂದಿನಿಂದ ಎದ್ದು ನೇರ ಒಳಗೆ ಹೋಗುತ್ತಾನೆ. ತರಗತಿಯಲ್ಲಿ ಎದ್ದ ನಗೆ ಈ ಚೀಟಿ ಎಲ್ಲರಿಗೂ ಗೊತ್ತಿದ್ದದ್ದು ಎನ್ನುತ್ತಿತ್ತು.

ಆಡಿಸಿದಾಗ ಕಂಡದ್ದು ಇಡೀ ದಿನದಲ್ಲಿ ನನಗೆ ಅತಿ ಮುಖ್ಯವೆನಿಸಿತು. ಮುಂದೆ 20 ಮಂದಿ ಇದ್ದ ಒಬ್ಬ ಜಿಗಿದು ಹೋದರೆ ಅವನಿಗೆ 40 ನಿಮಿಷ ಲಾಭ. ಆ 20 ಮಂದಿಗೆ ತಲಾ 2 ನಿಮಿಷ ನಷ್ಟ, ಒಟ್ಟು 40. ಕೂಡಿ ಕಳೆದರೆ ಸೊನ್ನೆ. ಸರಾಸರಿ ಕಾಯುವಿಕೆ ಕೂದಲೆಳೆಯಷ್ಟೂ ಬದಲಾಗಲಿಲ್ಲ. ವೈದ್ಯರ ಹೊರೆಯೂ ಬದಲಾಗಲಿಲ್ಲ. ತಿಂಗಳ ವರದಿಯಲ್ಲಿ ಹೋಗುವ ಎರಡು ಅಂಕಿಗಳೂ ಶುಭ್ರ. ಐದಾರು ಪರಿಚಯದವರು ಬಂದ ಬೆಳಿಗ್ಗೆ 25ನೇ ಚೀಟಿಯವಳು ಏನಾದಳು ಎಂಬುದು ಆ ವರದಿಯಲ್ಲಿ ಎಲ್ಲೂ ಇರುವುದಿಲ್ಲ. ಅಂದಿನಿಂದ ನಮ್ಮ ತರಗತಿಯಲ್ಲಿ ಸರಾಸರಿಯ ಪಕ್ಕದಲ್ಲಿ ಅತಿ ಹೆಚ್ಚು ಕಾದವರ ಹೊತ್ತನ್ನೂ ಬರೆಯದಿದ್ದರೆ ಅಂಕ ಇಲ್ಲ.

ವರಾಂಡಾಕ್ಕೆ ಹೋದಾಗ

ಮುಂದಿನ ವಾರ ಅನುಮತಿ ಪಡೆದು ಒಂದು ಆಸ್ಪತ್ರೆಗೆ ಹೋದೆವು. ರೋಗಿಗಳ ಹಿಂದೆ ಗಡಿಯಾರ ಹಿಡಿದು ಓಡಬೇಡಿ, ತಲೆ ಎಣಿಸಿ ಎಂದಿದ್ದೆ. ಅಮೆರಿಕದ ಸಂಶೋಧಕ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿದ ನಿಯಮ ಇಲ್ಲಿ ಕೈ ಹಿಡಿಯುತ್ತದೆ: ಒಳಗಿರುವವರ ಸರಾಸರಿ ಸಂಖ್ಯೆಯನ್ನು ಗಂಟೆಗೆ ಹೊರಬೀಳುವವರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬರು ಸರಾಸರಿ ಎಷ್ಟು ಹೊತ್ತು ಒಳಗಿರುತ್ತಾರೆ ಎಂಬುದು ಸಿಗುತ್ತದೆ. ಒಳಗೆ 60, ಗಂಟೆಗೆ 25 ಎಂದಾದರೆ 2 ಗಂಟೆ 24 ನಿಮಿಷ. ಯಾರನ್ನೂ ಪ್ರಶ್ನೆ ಕೇಳಿ ಕಾಡಬೇಕಿಲ್ಲ. ತಕರಾರು ಒಂದೇ, ರೋಗಿಯ ಜೊತೆ ಬಂದ ಇಬ್ಬರು ಮೂವರನ್ನು ಬಿಟ್ಟು ಎಣಿಸುವುದು. ಕೈಯಲ್ಲಿ ಚೀಟಿ ಇದ್ದವರನ್ನು ಮಾತ್ರ ಎಣಿಸಿ ಎಂದು ಒಪ್ಪಂದ ಮಾಡಿಕೊಂಡೆವು.

ಗಂಟೆಗೊಮ್ಮೆ ರಿಪೋರ್ಟು ಕೊಡುವ ಯೋಜನೆಯನ್ನು ವಿದ್ಯಾರ್ಥಿಗಳು ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಮುಂದೆ ಇಟ್ಟರು. ಅವರು ಕೊನೆತನಕ ಕೇಳಿದರು. ಯಂತ್ರಕ್ಕೆ ತೊಂದರೆ ಇಲ್ಲ, ಒಟ್ಟಿಗೆ ಸಹಿ ಮಾಡುವ ರೂಢಿಯನ್ನೂ ಬಿಡಬಹುದು ಎಂದರು. ಆಮೇಲೆ ಕೇಳಿದರು: ‘ಈಗ ಅಟೆಂಡರ್ ಒಂದು ಸಲ ಹೋಗ್ತಾನ. ನೀವು ತಾಸಿಗೊಮ್ಮೆ ಅಂತೀರಿ. ಸ್ಟ್ರೆಚರ್ ಎಳಿಯಾವ್ನೂ ಅವ್ನೇ, ಸಿಲಿಂಡರ್ ತರಾವ್ನೂ ಅವ್ನೇ. ಅವ್ನ ಪಾಳಿ ಹಾಕೀರೇನು ನಿಮ್ಮ ಆಟದಾಗ?’

ಹಾಕಿರಲಿಲ್ಲ. ವೈದ್ಯರು, ಗುಮಾಸ್ತ, ಲ್ಯಾಬ್ ಎಲ್ಲರಿಗೂ ನಿಮಿಷಗಳಿದ್ದವು, ಕಾಗದ ಹೊತ್ತು ನಡೆಯುವವನಿಗೆ ಇರಲಿಲ್ಲ. ಈ ಸಲದ ಆಟದಲ್ಲಿ ಅಟೆಂಡರ್ ಪಾತ್ರ ಸೇರಿದೆ. ಅವನ ಚೀಟಿಗಳ ಮೇಲೆ ಬರೆಯಬೇಕಾದ ನಿಮಿಷಗಳನ್ನು ತರಲು ಇಬ್ಬರು ವಿದ್ಯಾರ್ಥಿಗಳು ಲ್ಯಾಬಿನಿಂದ ಒಪಿಡಿವರೆಗೆ ಅವನ ಜೊತೆ ಒಂದು ಬೆಳಿಗ್ಗೆ ಪೂರ್ತಿ ನಡೆಯಲಿದ್ದಾರೆ.